ಗಾಳಿಬೀಡು ಕಡೆಯ ಹೊಸ ಬಾಯ್ಲರ್‌ಗೆ ಮೊದಲ ಬೆಂಕಿ

ನವೆಂಬರ್ ಮೂರನೇ ವಾರ. ಮಳೆ ಹೋಗಿತ್ತು, ಚಳಿ ಇನ್ನೂ ಪೂರ್ತಿ ಬಂದಿರಲಿಲ್ಲ, ಬೆಳಿಗ್ಗೆ ಒಂಬತ್ತಾದರೂ ಮಂಜು ಕಾಫಿ ತೋಟದೊಳಗೇ ಕೂತಿರುತ್ತಿತ್ತು. ಮಡಿಕೇರಿಯಿಂದ ಗಾಳಿಬೀಡು ಕಡೆ ಹೋಗುವ ದಾರಿಯಲ್ಲಿ 24 ರೂಮಿನ ಒಂದು ರೆಸಾರ್ಟ್. ಇಷ್ಟು ವರ್ಷ ಅಲ್ಲಿ ಬಿಸಿನೀರು ಅಂದರೆ ಸೌದೆ ಒಲೆ ಮೇಲೆ ಕೂರಿಸಿದ ಎರಡು ದೊಡ್ಡ ಹಂಡೆ, ಜೊತೆಗೆ ರೂಮಿಗೊಂದು ಗೀಸರ್. ಕರೆಂಟ್ ಹೋದರೆ ಗೀಸರ್ ಇಲ್ಲ, ಮಳೆಗಾಲದಲ್ಲಿ ಸೌದೆ ಒಣಗಲ್ಲ. ಅದಕ್ಕೆ ಯಜಮಾನರು ಈ ಸಲ ಡೀಸೆಲ್ ಬಾಯ್ಲರ್ ಹಾಕಿಸಿದ್ದರು. ಗಂಟೆಗೆ 1 ಲಕ್ಷ ಕಿಲೋ ಕ್ಯಾಲರಿಯದು, ಅಂದರೆ ಸುಮಾರು 116 ಕಿಲೋವ್ಯಾಟ್.

ಬಾಯ್ಲರ್ ಕೂರಿಸಿದವರು ಒಬ್ಬರು, ಪೈಪ್ ಎಳೆದವರು ಇನ್ನೊಬ್ಬರು, ವೈರಿಂಗ್ ಮಾಡಿದವರು ಮತ್ತೊಬ್ಬರು. "ಎಲ್ಲಾ ಆಗಿದೆ, ನೀವು ಬಂದು ಸ್ವಿಚ್ ಹಾಕಿದ್ರೆ ಆಯ್ತು" ಅಂತ ನನಗೆ ಫೋನ್ ಬಂತು. ಆ ಸ್ವಿಚ್ ಹಾಕುವುದಕ್ಕೆ ನಾಲ್ಕು ದಿನ ಹಿಡಿಯಿತು.

ಮೊದಲು ಜಾಗ ಹೇಗಿದೆ ಅಂತ ಹೇಳಿಬಿಡುತ್ತೇನೆ, ಇಲ್ಲಾಂದ್ರೆ ಮುಂದಿನ ಲೆಕ್ಕ ಅರ್ಥ ಆಗಲ್ಲ. ಕೊಡಗಿನಲ್ಲಿ ಸಮತಟ್ಟು ಜಾಗ ಎಲ್ಲಿದೆ ಹೇಳಿ. ಡೀಸೆಲ್ ಗಾಡಿ ಬರಬೇಕು ಅಂತ ಬಾಯ್ಲರ್ ರೂಮನ್ನು ಕೆಳಗೆ ರಸ್ತೆ ಪಕ್ಕ ಕಟ್ಟಿದ್ದಾರೆ. 2000 ಲೀಟರ್‌ನ ಬಿಸಿನೀರಿನ ಟ್ಯಾಂಕ್ ಇರುವುದು ಗುಡ್ಡದ ಮೇಲೆ, 11 ಮೀಟರ್ ಎತ್ತರದಲ್ಲಿ. ಬಾಯ್ಲರ್ ನೀರು ಮೇಲೆ ಹೋಗಿ ಟ್ಯಾಂಕಿನೊಳಗಿನ ಸುರುಳಿ ಪೈಪಿನಲ್ಲಿ ಸುತ್ತಿ ವಾಪಸ್ ಬರುತ್ತದೆ. ಸ್ನಾನದ ನೀರು ಬೇರೆ, ಬಾಯ್ಲರ್ ನೀರು ಬೇರೆ. ಬಾಯ್ಲರ್ ಕಡೆಯ ನೀರು ಒಟ್ಟು 600 ಲೀಟರ್ ಆಸುಪಾಸು, ಅದು ಮುಚ್ಚಿದ ಸುತ್ತು, ಹೊರಗಿನ ಗಾಳಿಗೆ ಎಲ್ಲೂ ತೆರೆದಿಲ್ಲ.

ಮುಚ್ಚಿದ ಸುತ್ತು ಅಂದ ತಕ್ಷಣ ತಲೆಗೆ ಬರಬೇಕಾದ ಪ್ರಶ್ನೆ ಒಂದೇ: ನೀರು ಕಾದು ಹಿಗ್ಗಿದಾಗ ಎಲ್ಲಿ ಹೋಗುತ್ತದೆ? 20 ಡಿಗ್ರಿಯ ನೀರು 80ಕ್ಕೆ ಹೋದರೆ ನೂರಕ್ಕೆ ಎರಡೂಮುಕ್ಕಾಲು ಭಾಗದಷ್ಟು ಹಿಗ್ಗುತ್ತದೆ. 600 ಲೀಟರ್‌ಗೆ ಸುಮಾರು 16 ಲೀಟರ್. ಅಷ್ಟಕ್ಕೆ ಜಾಗ ಇಲ್ಲದಿದ್ದರೆ ಪೈಪೋ ಬಾಯ್ಲರ್ರೋ ಜಾಗ ಮಾಡಿಕೊಡುತ್ತದೆ, ನಮಗೆ ಬೇಕಾದ ರೀತಿಯಲ್ಲಲ್ಲ.

ಮೊದಲ ದಿನ ಕರೆಂಟನ್ನೇ ಮುಟ್ಟಲಿಲ್ಲ. ಬಾಯ್ಲರ್‌ಗೆ ಹೋಗುವ ಎಂಸಿಬಿ ಇಳಿಸಿ, ಅದರ ಮೇಲೆ "ಹಾಕಬೇಡಿ" ಅಂತ ಚೀಟಿ ಕಟ್ಟಿ, ಪ್ಯಾನೆಲ್ಲಿಗೆ ಬೀಗ ಹಾಕಿ, ಕೀ ನನ್ನ ಜೇಬಿಗೆ. ಚೀಟಿ ಒಂದೇ ಸಾಲದು, ಯಾರಾದರೂ "ಏನೋ ಆಫ್ ಆಗಿದೆ" ಅಂತ ಹಾಕಿಬಿಡುತ್ತಾರೆ. ಆಮೇಲೆ ಸುಮ್ನೆ ಒಂದು ಗಂಟೆ ಬಾಯ್ಲರ್ ಸುತ್ತ ಓಡಾಡಿದೆ, ಕೈಯಲ್ಲಿ ಟಾರ್ಚ್ ಮತ್ತು ಬಾಯ್ಲರ್ ಜೊತೆ ಬಂದ ಪುಸ್ತಕ. ಆ ಪುಸ್ತಕ ಪ್ಲಾಸ್ಟಿಕ್ ಕವರ್ ಒಡೆಯದೆ ಹಾಗೇ ಇತ್ತು, ಅಂದರೆ ಅಲ್ಲಿವರೆಗೆ ಯಾರೂ ಓದಿಲ್ಲ.

ಜೊತೆಗೆ ನನ್ನ ಕೆಲಸದ ಹುಡುಗ ಮತ್ತು ಅಲ್ಲಿಯ ಅಜ್ಜ. ಅಜ್ಜ ಇಷ್ಟು ವರ್ಷ ಹಂಡೆಗೆ ಬೆಂಕಿ ಹಾಕಿದವರು, ಇನ್ನು ಮುಂದೆ ಬಾಯ್ಲರ್ ನೋಡಿಕೊಳ್ಳಬೇಕಾದವರೂ ಅವರೇ. ನಾನು ನೋಡಿದ್ದನ್ನೆಲ್ಲ ಅವರಿಗೂ ತೋರಿಸುತ್ತಾ ಹೋದೆ.

ಚಿಮಣಿಯ ಬುಡದ ಮುಚ್ಚಳ ತೆಗೆದರೆ ಒಳಗೆ ಪ್ಯಾಕಿಂಗ್ ಥರ್ಮೊಕೋಲ್ ಹಾಗೇ ಇತ್ತು. ಮೇಲೆ ಟೋಪಿಯ ಕೆಳಗೆ ಕಣಜದ ಗೂಡು. ಬಾಯ್ಲರ್ ಬಂದು ಬರೀ ಎರಡು ತಿಂಗಳು ಆಗಿದೆ, ಅಷ್ಟರಲ್ಲೇ ಗೃಹಪ್ರವೇಶ ಮುಗಿಸಿಬಿಟ್ಟಿವೆ. ಅದನ್ನು ಅಜ್ಜ ರಾತ್ರಿ ಹೊಗೆ ಹಾಕಿ ಓಡಿಸಿದರು, ನಾನು ಆ ಕೆಲಸಕ್ಕೆ ಹೋಗಲಿಲ್ಲ.

ರೂಮಿನ ಗಾಳಿ ಕಿಂಡಿಗಳಿಗೆ ಯಾರೋ ಹಾವು ಬರುತ್ತದೆ ಅಂತ ಪ್ಲೈವುಡ್ ಹೊಡೆದಿದ್ದರು. ಬಾಯ್ಲರಿನಲ್ಲಿ ಡೀಸೆಲ್ ಸಿಂಪಡಿಸಿ ಉರಿಸುವ ಈ ಬರ್ನರ್ ಗಂಟೆಗೆ ಸುಮಾರು 13 ಲೀಟರ್ ಡೀಸೆಲ್ ಉರಿಸುತ್ತದೆ, ಅದಕ್ಕೆ ಗಂಟೆಗೆ 180 ಘನ ಮೀಟರ್‌ನಷ್ಟು ಗಾಳಿ ಬೇಕು. ಕಿಂಡಿ ಮುಚ್ಚಿದರೆ ಬರ್ನರ್ ತನ್ನ ಹೊಗೆಯನ್ನೇ ವಾಪಸ್ ಎಳೆದುಕೊಳ್ಳುತ್ತದೆ, ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ, ಅದಕ್ಕೆ ವಾಸನೆ ಇಲ್ಲ. ಪ್ಲೈವುಡ್ ಕಿತ್ತು ಜಾಲರಿ ಹಾಕಿಸಿದೆವು. ಹಾವೂ ಬರಲ್ಲ, ಗಾಳಿಯೂ ಬರುತ್ತದೆ.

ಆಮೇಲೆ ಸೇಫ್ಟಿ ವಾಲ್ವ್ ನೋಡಿದೆ, ಪ್ರೆಶರ್ ಮಿತಿ ದಾಟಿದರೆ ತಾನಾಗಿ ತೆರೆದು ನೀರು ಹೊರಬಿಡುವ ವಾಲ್ವ್ ಅದು. ನೋಡಿ ಒಂದು ನಿಮಿಷ ಮಾತೇ ಬರಲಿಲ್ಲ. ಬಾಯ್ಲರ್‌ಗೂ ಸೇಫ್ಟಿ ವಾಲ್ವಿಗೂ ನಡುವೆ ಕೈಯಲ್ಲಿ ತಿರುಗಿಸಿ ಮುಚ್ಚುವ ಒಂದು ಬಾಲ್ ವಾಲ್ವ್! ಮುಂದೆ ರಿಪೇರಿಗೆ ಸುಲಭ ಆಗಲಿ ಅಂತ ಪ್ಲಂಬರ್ ಹಾಕಿದ್ದಂತೆ. ಆ ಹಿಡಿಯನ್ನು ಯಾರಾದರೂ ತಿರುಗಿಸಿದರೆ ಬಾಯ್ಲರ್‌ಗೆ ಇರುವ ಕೊನೆಯ ದಾರಿಯೂ ಬಂದ್. ಸೇಫ್ಟಿ ವಾಲ್ವಿನ ಮುಂದೆಯೂ ವಾಲ್ವ್ ಇರಬಾರದು, ಅದರಿಂದ ಹೊರಗೆ ಹೋಗುವ ಪೈಪಿನಲ್ಲೂ ಇರಬಾರದು. ಆ ಪೈಪ್ ಕೂಡ ಮುಖದ ಎತ್ತರದಲ್ಲಿ ಬಾಗಿಲ ಕಡೆ ತಿರುಗಿಕೊಂಡಿತ್ತು. ಕಿತ್ತು ನೆಲದ ಚರಂಡಿವರೆಗೆ ಇಳಿಸಿದೆವು, ತುದಿ ಕಣ್ಣಿಗೆ ಕಾಣುವ ಹಾಗೆ. ಹನಿ ಬಿದ್ದರೆ ಗೊತ್ತಾಗಬೇಕು.

ಎರಡನೇ ದಿನ ನೀರಿನ ಟೆಸ್ಟ್. ಸಿಸ್ಟಮ್ಮಿನ ಗರಿಷ್ಠ ಪ್ರೆಶರ್ 3 ಕೆಜಿ (ಒಂದು ಚದರ ಸೆಂಟಿಮೀಟರ್‌ಗೆ), ಸೇಫ್ಟಿ ವಾಲ್ವ್ ತೆರೆಯುವುದೂ ಅಲ್ಲೇ. ಟೆಸ್ಟ್ ಮಾಡುವುದು ಅದರ ಒಂದೂವರೆ ಪಟ್ಟು, 4.5 ಕೆಜಿ. ಸೇಫ್ಟಿ ವಾಲ್ವ್ ಬಿಚ್ಚಿ ಆ ಬಾಯಿಗೆ ಡಮ್ಮಿ ಮುಚ್ಚಳ ಹಾಕಿ, ಹಿಗ್ಗಿದ ನೀರಿಗೆ ಜಾಗ ಕೊಡುವ ಎಕ್ಸ್‌ಪ್ಯಾನ್ಶನ್ ಟ್ಯಾಂಕ್ ಬೇರೆ ಮಾಡಿ, ಒಳಗಿನ ಗಾಳಿ ಪೂರ್ತಿ ತೆಗೆದು, ಕೈಪಂಪಿನಲ್ಲಿ ನಿಧಾನ ಏರಿಸಿದೆವು. ಗಾಳಿ ಯಾಕೆ ತೆಗೆಯಬೇಕು ಅಂತ ಹುಡುಗ ಕೇಳಿದ. ನೀರನ್ನು ಒತ್ತಲು ಆಗಲ್ಲ, ಹಾಗಾಗಿ ಎಲ್ಲಾದರೂ ಬಿಟ್ಟುಕೊಂಡರೆ ನಾಲ್ಕು ಹನಿ ಚಿಮ್ಮಿ ಪ್ರೆಶರ್ ಬಿದ್ದುಹೋಗುತ್ತದೆ. ಗಾಳಿ ಒತ್ತಿಕೊಂಡು ಕೂತಿರುತ್ತದೆ, ಬಿಟ್ಟರೆ ಪಟಾಕಿ. ಅರ್ಧ ಗಂಟೆ ನಿಲ್ಲಿಸಿದೆವು. ಗುಡ್ಡದ ಮಧ್ಯೆ ಪೈಪ್ ಜೋಡಿಸುವ ಒಂದು ಯೂನಿಯನ್ ಜಿನುಗುತ್ತಿತ್ತು, ಬಿಗಿ ಮಾಡಿ ಮತ್ತೆ ಅರ್ಧ ಗಂಟೆ. ಮುಳ್ಳು ಅಲ್ಲಾಡಲಿಲ್ಲ. ಮುಗಿದ ಮೇಲೆ ಡಮ್ಮಿ ತೆಗೆದು ಸೇಫ್ಟಿ ವಾಲ್ವ್ ವಾಪಸ್ ಹಾಕಿದ್ದನ್ನು ನಾನೇ ನೋಡಿ, ಪುಸ್ತಕದಲ್ಲಿ ಬರೆದು, ಹುಡುಗನಿಂದಲೂ ಸಹಿ ಹಾಕಿಸಿದೆ. ಇದು ಮರೆತುಹೋಗುವಂಥ ಕೆಲಸ, ಮರೆತರೆ ಡಮ್ಮಿ ಹಾಗೇ ಉಳಿಯುತ್ತದೆ.

ಆಮೇಲೆ ತೊಳೆಯುವುದು. ಹೊಸ ಪೈಪಿನಲ್ಲಿ ಏನೇನಿರುತ್ತದೆ ಅಂತ ನೋಡದವರಿಗೆ ನಂಬಿಕೆ ಬರಲ್ಲ. ಕಸ ಹಿಡಿಯುವ ಸ್ಟ್ರೈನರ್ ಬಿಚ್ಚಿದಾಗ ವೆಲ್ಡಿಂಗ್ ಚೂರು, ಸಣಬು, ಬಿಳಿ ಟೇಪಿನ ತುಂಡು, ಕೆಂಪು ಮಣ್ಣು, ಒಂದು ಬೀಡಿ ತುಂಡೂ ಬಂತು. ಪಂಪ್ ಓಡಿಸದೆ ಬರೀ ಮೇಲಿನ ಟ್ಯಾಂಕ್ ನೀರಿನ ಜೋರಿನಲ್ಲಿ ನಾಲ್ಕು ಸಲ ತೊಳೆದೆವು. ಅಲ್ಲಿಯ ಬೋರ್‌ವೆಲ್ ನೀರಲ್ಲಿ ಕಬ್ಬಿಣ ಜಾಸ್ತಿ, ಬಕೆಟ್‌ನಲ್ಲಿ ರಾತ್ರಿ ಇಟ್ಟರೆ ಬೆಳಿಗ್ಗೆ ಕೆಂಪು ಗಸಿ ಕೂರುತ್ತದೆ. ಅದಕ್ಕೆ ಕೊನೆಯ ಸಲ ತುಂಬಿದ್ದು ಫಿಲ್ಟರ್ ಆದ ನೀರು, ತುಕ್ಕು ತಡೆಯುವ ಔಷಧಿ ಹಾಕಿ. ಒಂದು ಸಲ ತುಂಬಿದ ಮೇಲೆ ಅದೇ ನೀರು ಸುತ್ತುತ್ತಿರಬೇಕು. ಪದೇಪದೇ ಹೊಸ ನೀರು ಸೇರಿಸಿದರೆ ಅದರ ಜೊತೆ ಆಮ್ಲಜನಕವೂ ಬರುತ್ತದೆ, ಆಮ್ಲಜನಕ ಬಂದರೆ ಒಳಗೆ ತುಕ್ಕು. ಅದಕ್ಕೇ ನೀರು ಸೇರಿಸುವ ಪೈಪಿಗೆ ಒಂದು ಚಿಕ್ಕ ಮೀಟರ್ ಹಾಕಿದ್ದೇನೆ.

ತುಂಬುವ ಮುಂಚೆ ಎಕ್ಸ್‌ಪ್ಯಾನ್ಶನ್ ಟ್ಯಾಂಕ್ ಕಡೆ ಬಂದೆ. 100 ಲೀಟರ್‌ನ ಕೆಂಪು ಟ್ಯಾಂಕ್, ಒಳಗೆ ರಬ್ಬರ್ ಚೀಲ, ಒಂದು ಕಡೆ ನೀರು, ಇನ್ನೊಂದು ಕಡೆ ಗಾಳಿ. ಗಾಳಿ ತುಂಬುವ ಮೂತಿ ಥೇಟ್ ಗಾಡಿ ಟೈರಿನದ್ದೇ. ಯಜಮಾನರ ಜೀಪಿನಿಂದ ಟೈರ್ ಗೇಜ್ ತಂದು ಹಿಡಿದರೆ 43 ಪಿಎಸ್‌ಐ! ಅಂದರೆ 3 ಕೆಜಿ, ಫ್ಯಾಕ್ಟರಿಯಿಂದ ಹಾಗೇ ಬಂದಿದೆ, ಯಾರೂ ಇಳಿಸಿಲ್ಲ. ಇದನ್ನು ಹಾಗೇ ಬಿಟ್ಟಿದ್ದರೆ ಏನಾಗುತ್ತಿತ್ತು ನೋಡಿ. ನೀರಿನ ಪ್ರೆಶರ್ 3 ಕೆಜಿ ದಾಟುವವರೆಗೆ ಆ ಟ್ಯಾಂಕಿನೊಳಗೆ ಒಂದು ಲೋಟ ನೀರೂ ಹೋಗಲ್ಲ. 3ಕ್ಕೆ ಸೇಫ್ಟಿ ವಾಲ್ವ್ ತೆರೆಯುತ್ತದೆ. ಟ್ಯಾಂಕ್ ಇದ್ದೂ ಇಲ್ಲದ ಹಾಗೆ. ಪ್ರತಿ ಸಲ ಕಾದಾಗ ನೀರು ಚರಂಡಿಗೆ, ತಣ್ಣಗಾದಾಗ ಪ್ರೆಶರ್ ಇಲ್ಲ, ಮತ್ತೆ ಹೊಸ ನೀರು, ಮತ್ತೆ ತುಕ್ಕು.

ಲೆಕ್ಕ ಸುಲಭ. 10 ಮೀಟರ್ ಎತ್ತರದ ನೀರಿಗೆ 1 ಕೆಜಿ. ನಮ್ಮದು 11 ಮೀಟರ್, ಅಂದರೆ 1.1. ಅದಕ್ಕೆ 0.2 ಸೇರಿಸಿ ಟ್ಯಾಂಕಿನ ಗಾಳಿ 1.3 ಕೆಜಿ, ಟೈರ್ ಗೇಜಿನಲ್ಲಿ ಹದಿನೆಂಟೂವರೆ. ಇದನ್ನು ನೀರಿನ ಕಡೆ ಖಾಲಿ ಇರುವಾಗಲೇ ಅಳೆಯಬೇಕು, ಇಲ್ಲಾಂದ್ರೆ ಗೇಜ್ ತೋರಿಸುವುದು ನೀರಿನ ಪ್ರೆಶರ್ ಅಷ್ಟೇ. ಆಮೇಲೆ ನೀರು ತುಂಬಿ ತಣ್ಣಗಿನ ಪ್ರೆಶರ್ 1.5ಕ್ಕೆ ನಿಲ್ಲಿಸಿದೆವು. ಕೆಳಗಿನಿಂದ ನಿಧಾನವಾಗಿ ತುಂಬಿಸುತ್ತಾ, ಹುಡುಗ ಗುಡ್ಡ ಹತ್ತಿ ಗಾಳಿ ಹೊರಬಿಡುವ ಏರ್ ವೆಂಟ್‌ಗಳನ್ನು ಒಂದೊಂದಾಗಿ ಬಿಡುತ್ತಾ ಹೋದ. "ಅಣ್ಣಾ, ನೀರು ಬಂತು" ಅಂತ ಮೇಲಿನಿಂದ ಕೂಗುತ್ತಿದ್ದ, ಕೆಳಗೆ ನಾನು ಮುಳ್ಳು ನೋಡುತ್ತಿದ್ದೆ. ಇಳಿದು ಬಂದಾಗ ಕಾಲಲ್ಲಿ ಮೂರು ಜಿಗಣೆ.

ಮೂರನೇ ದಿನ ಕರೆಂಟ್ ಕೊಟ್ಟೆವು, ಡೀಸೆಲ್ ಕೊಡಲಿಲ್ಲ. ಡೀಸೆಲ್ ವಾಲ್ವ್ ಬಂದ್ ಮಾಡಿ ಅದರ ಹಿಡಿಯನ್ನೇ ಬಿಚ್ಚಿ ಇಟ್ಟೆ. ಬೆಂಕಿ ಇಲ್ಲದೆ ಬರ್ನರ್‌ಗೆ ನಾಟಕ ಆಡಿಸುವುದು. ಮೊದಲು ಪಂಪ್. ತಿರುಗುವ ದಿಕ್ಕು ಸರಿ ಇತ್ತು. ಹಾಗಂತ ಬಿಡದೆ ಜನರೇಟರ್ ಹಾಕಿಸಿ ನೋಡಿದೆ, ಉಲ್ಟಾ ತಿರುಗಿತು. ಜನರೇಟರ್ ಕಡೆಯಿಂದ ಬರುವ ಎರಡು ಫೇಸ್ ಅದಲುಬದಲಾಗಿತ್ತು. ಉಲ್ಟಾ ತಿರುಗಿದರೂ ಪಂಪ್ ಸ್ವಲ್ಪ ನೀರು ತಳ್ಳುತ್ತದೆ, ಸದ್ದೂ ಬರುತ್ತದೆ, ಹಾಗಾಗಿ ಸುಲಭಕ್ಕೆ ಗೊತ್ತಾಗಲ್ಲ. ಮಳೆಗಾಲದಲ್ಲಿ ಅರ್ಧ ದಿನ ಜನರೇಟರ್ ಮೇಲೇ ಓಡುವ ಜಾಗ ಇದು, ಅಲ್ವಾ? ಸರಿಮಾಡಿಸಿದೆವು.

ಬರ್ನರ್ ಸ್ಟಾರ್ಟ್ ಕೊಟ್ಟೆ. ಫ್ಯಾನ್ ಓಡಿ ಒಳಗಿನ ಹಳೆ ಗಾಳಿ ಹೊರಹಾಕಿತು, ಕಿಡಿ ಬಂತು, ಡೀಸೆಲ್ ಇಲ್ಲದೆ ಜ್ವಾಲೆ ಬರಲಿಲ್ಲ, ಕೆಲವೇ ಸೆಕೆಂಡಿಗೆ ಕೆಂಪು ದೀಪ ಹತ್ತಿ ಲಾಕೌಟ್ ಆಯಿತು, ಅಂದರೆ ಗುಂಡಿ ಒತ್ತುವವರೆಗೆ ಮತ್ತೆ ಸ್ಟಾರ್ಟ್ ಆಗಲ್ಲ. ಭೇಷ್. ಜ್ವಾಲೆ ನೋಡುವ ಫೋಟೋಸೆಲ್ ಕಣ್ಣು ಕೆಲಸ ಮಾಡುತ್ತಿದೆ. ಅಜ್ಜನಿಗೆ ಆಗಲೇ ಹೇಳಿದೆ, ಈ ಕೆಂಪು ಗುಂಡಿ ಒಂದು ಸಲ ಒತ್ತಬಹುದು, ಮತ್ತೆ ಲಾಕೌಟ್ ಆದರೆ ನನಗೆ ಫೋನ್ ಮಾಡಿ, ಮೂರು ನಾಲ್ಕು ಸಲ ಒತ್ತಬೇಡಿ. ಒತ್ತಿದಷ್ಟು ಸಲ ಉರಿಯದ ಡೀಸೆಲ್ ಒಳಗೆ ಸೇರುತ್ತದೆ, ಐದನೇ ಸಲ ಹತ್ತಿಕೊಂಡರೆ ಬಾಯ್ಲರ್ ಬಾಗಿಲೇ ಹಾರಿಹೋಗಬಹುದು. "ಒದ್ದೆ ಸೌದೆಗೆ ಸೀಮೆಎಣ್ಣೆ ಸುರಿದು ಸುರಿದು ಆಮೇಲೆ ಬೆಂಕಿ ಕಡ್ಡಿ ಹಾಕಿದ ಹಾಗೆ" ಅಂದರು ಅಜ್ಜ. ಅಷ್ಟೇ.

ಈಗ ಒಂದೊಂದೇ ಸೇಫ್ಟಿ. ನನ್ನ ಕ್ರಮ ಏನಂದ್ರೆ, ಪ್ರತಿಯೊಂದನ್ನೂ ಬೇಕಂತಲೇ ಕೆಡಿಸಿ, ಬರ್ನರ್ ನಿಲ್ಲುತ್ತದಾ ಅಂತ ಕಣ್ಣಾರೆ ನೋಡುವುದು. ವೈರಿಂಗ್ ಡ್ರಾಯಿಂಗ್‌ನಲ್ಲಿ ಇದೆ ಅಂತ ನಂಬುವುದಿಲ್ಲ. ನೀರಿನ ಪ್ರೆಶರ್ 0.8ಕ್ಕೆ ಇಳಿಸಿದೆ, ಬರ್ನರ್ ನಿಂತಿತು. ನೀರು ಅತಿಯಾಗಿ ಕಾದರೆ ಬರ್ನರ್ ನಿಲ್ಲಿಸುವ ಹೈ ಲಿಮಿಟ್‌ನ ಡಯಲ್ಲನ್ನು ನೀರಿನ ಬಿಸಿಗಿಂತ ಕೆಳಗೆ ತಿರುಗಿಸಿದೆ, ನಿಂತಿತು. ಆಮೇಲೆ ಪಂಪ್ ಆಫ್ ಮಾಡಿದೆ. ಬರ್ನರ್ ಫ್ಯಾನ್ ಓಡುತ್ತಲೇ ಇದೆ. ಕಿಡಿಯೂ ಬಂತು.

ಪಂಪ್ ನಿಂತರೆ, ನೀರು ಹರಿಯುತ್ತಿದೆಯಾ ಅಂತ ನೋಡುವ ಫ್ಲೋ ಸ್ವಿಚ್ ಬರ್ನರ್‌ನ ಕತ್ತು ಹಿಸುಕಬೇಕು. ಸ್ವಿಚ್ ಕೈಲಿ ಅಲ್ಲಾಡಿಸಿದೆ, ಮೀಟರ್ ಹಿಡಿದೆ, ಸ್ವಿಚ್ ಸರಿ ಇದೆ. ಪ್ಯಾನೆಲ್ ತೆರೆದು ಒಂದೊಂದೇ ವೈರ್ ಹಿಡಿದುಕೊಂಡು ಹೋದರೆ ಟರ್ಮಿನಲ್ ಸ್ಟ್ರಿಪ್ಪಿನ ಹಿಂದೆ ಎರಡು ಇಂಚಿನ ಒಂದು ಕೆಂಪು ವೈರ್, ಫ್ಲೋ ಸ್ವಿಚ್ಚಿನ ಎರಡು ಕಾಲನ್ನೂ ನೇರ ಸೇರಿಸಿ ಜಂಪರ್ ಹಾಕಿದ್ದಾರೆ, ಸ್ವಿಚ್ ಇದ್ದೂ ಇಲ್ಲದ ಹಾಗೆ. ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದರೆ, "ಅವತ್ತು ನೀರಿರಲಿಲ್ಲ ಸಾರ್, ಬರ್ನರ್ ಫ್ಯಾನ್ ಓಡುತ್ತಾ ಅಂತ ನೋಡೋಕೆ ಹಾಕಿದ್ದೆ, ತೆಗೆಯೋದು ಮರೆತೆ" ಅಂದ. ಸುಳ್ಳು ಹೇಳಲಿಲ್ಲ, ಅದಕ್ಕೆ ಬೈಯಲಿಲ್ಲ. ಆದರೆ ಆ ವೈರ್ ಹಾಗೇ ಇದ್ದಿದ್ದರೆ, ಜನವರಿಯ ಯಾವುದೋ ರಾತ್ರಿ ಪಂಪ್ ಸುಟ್ಟುಹೋಗಿ, ಬರ್ನರ್ ಮಾತ್ರ ಉರಿಯುತ್ತಾ, ಮಧ್ಯೆ ಇರುವುದು ಒಂದು ಥರ್ಮೋಸ್ಟ್ಯಾಟ್ ಮತ್ತು ಒಂದು ಹೈ ಲಿಮಿಟ್ ಮಾತ್ರ. ಮಡಿಕೇರಿಯ ಎತ್ತರ ಸುಮಾರು 1150 ಮೀಟರ್, ಇಲ್ಲಿ ತೆರೆದ ಪಾತ್ರೆಯ ನೀರು 96 ಡಿಗ್ರಿಗೇ ಕುದಿಯುತ್ತದೆ. ಒಂದೂವರೆ ಕೆಜಿ ಪ್ರೆಶರಿನ ಬಾಯ್ಲರಿನಲ್ಲಿ 120 ಡಿಗ್ರಿ ದಾಟಿದರೂ ಕುದಿಯದೆ ನೀರಾಗೇ ಕೂತಿರುತ್ತದೆ. ಆಗ ಒಂದು ಗ್ಯಾಸ್ಕೆಟ್ ಬಿಟ್ಟರೆ ಹೊರಗೆ ಬರುವುದು ಬರೀ ನೀರಲ್ಲ, ಅದರಲ್ಲಿ ಒಂದು ಪಾಲು ಬಂದ ತಕ್ಷಣ ಆವಿ. ಆ ತುಂಡು ವೈರನ್ನು ನನ್ನ ಟೂಲ್ ಬಾಕ್ಸಿನ ಮುಚ್ಚಳಕ್ಕೆ ಟೇಪ್ ಹಾಕಿ ಅಂಟಿಸಿಕೊಂಡಿದ್ದೇನೆ.

ಹೈ ಲಿಮಿಟ್ ಇಟ್ಟಿದ್ದು 95ಕ್ಕೆ. ಅದು ತಾನಾಗಿ ವಾಪಸ್ ಬರದ ಬಗೆಯದು, ಮುಚ್ಚಳ ಬಿಚ್ಚಿ ಕೈಯಲ್ಲಿ ಒತ್ತಬೇಕು. ಕಾನೂನಿನ ಮಾತೂ ಇಲ್ಲಿ ಬರುತ್ತದೆ. ನೀರನ್ನು 100 ಡಿಗ್ರಿಗಿಂತ ಕೆಳಗೆ ಕಾಯಿಸುವ ಬಾಯ್ಲರ್ 2025ರ ಬಾಯ್ಲರ್ ಕಾಯ್ದೆಯ ಅರ್ಥದಲ್ಲಿ ಬಾಯ್ಲರ್ರೇ ಅಲ್ಲ, ಹಿಂದಿನ 1923ರ ಕಾಯ್ದೆಯಲ್ಲೂ ಕೊನೆಕೊನೆಗೆ ಹಾಗೇ ಇತ್ತು. ಆವಿ ಬಾಯ್ಲರ್ ಆಗಿದ್ದರೆ ಇಲಾಖೆಯ ಇನ್‌ಸ್ಪೆಕ್ಟರ್ ಬಂದು ನೋಡದೆ ಬೆಂಕಿ ಹಾಕುವ ಹಾಗಿಲ್ಲ. ನಮ್ಮದನ್ನು ನೋಡಲು ಯಾರೂ ಬರಲ್ಲ, ಹಾಗಾಗಿ ನಾವೇ ಜಾಸ್ತಿ ನೋಡಬೇಕು. ಡೀಸೆಲ್ ಟ್ಯಾಂಕ್ 990 ಲೀಟರ್ ಇರುವುದೂ ಲೆಕ್ಕಾಚಾರವೇ. ಒಂದೊಂದು ಟ್ಯಾಂಕೂ 1000 ಲೀಟರ್ ಒಳಗೆ, ಜಾಗದಲ್ಲಿ ಒಟ್ಟು 2500 ಲೀಟರ್ ಒಳಗೆ ಇದ್ದರೆ ಪೆಟ್ರೋಲಿಯಂ ಕಾಯ್ದೆಯಲ್ಲಿ ಲೈಸೆನ್ಸ್ ಬೇಡ.

ನಾಲ್ಕನೇ ದಿನ ಬೆಂಕಿ. ಡೀಸೆಲ್ ಟ್ಯಾಂಕಿನ ತಳದಿಂದ ಎರಡು ಲೀಟರ್ ಬಿಟ್ಟು ನೀರಿದೆಯಾ ನೋಡಿ, ಫಿಲ್ಟರ್ ತುಂಬಿಸಿ, ಲೈನಿನ ಗಾಳಿ ಬಿಟ್ಟು, ಜಾಯಿಂಟುಗಳನ್ನೆಲ್ಲ ಒಣ ಬಟ್ಟೆಯಲ್ಲಿ ಒರೆಸಿ ನೋಡಿದೆವು. ಬಾಗಿಲ ಹೊರಗೆ ಬೆಂಕಿ ಆರಿಸುವ ಸಿಲಿಂಡರ್ ಮತ್ತು ಮರಳಿನ ಬಕೆಟ್, ಗೋಡೆ ಮೇಲೆ ಕಾರ್ಬನ್ ಮೊನಾಕ್ಸೈಡ್ ಅಲಾರಂ. ಬಾಯ್ಲರ್ ಬಾಗಿಲ ಎದುರು ಯಾರೂ ನಿಲ್ಲಬಾರದು ಅಂತ ಹೇಳಿ ನಾನು ಪಕ್ಕಕ್ಕೆ ನಿಂತು ಸ್ಟಾರ್ಟ್ ಕೊಟ್ಟೆ. ಯಜಮಾನರು ತೆಂಗಿನಕಾಯಿ ಒಡೆದಿದ್ದರು, ಅದೂ ಆಯಿತು.

ಎರಡನೇ ಕಿಡಿಗೆ ಹತ್ತಿಕೊಂಡಿತು. ಚಿಮಣಿಯಲ್ಲಿ ಕಪ್ಪು ಹೊಗೆ, ತೋಟದಲ್ಲಿ ಕೆಲಸ ಮಾಡುತ್ತಿದ್ದವರೆಲ್ಲ ತಲೆ ಎತ್ತಿ ನೋಡುವಷ್ಟು. ಬರ್ನರ್ ಫ್ಯಾಕ್ಟರಿಯಲ್ಲಿ ಸೆಟ್ ಆಗಿ ಬಂದಿತ್ತು, ಆದರೆ ಅದು ಬಯಲು ಸೀಮೆಯ ಗಾಳಿಗೆ. ಫ್ಯಾನ್ ಇಲ್ಲೂ ಅಷ್ಟೇ ಗಾಳಿ ತಳ್ಳುತ್ತದೆ, ಆದರೆ ಈ ಎತ್ತರದಲ್ಲಿ ಗಾಳಿಯೇ ತೆಳು. ಸಮುದ್ರ ಮಟ್ಟಕ್ಕೆ ಹೋಲಿಸಿದರೆ ನೂರಕ್ಕೆ 12-13 ಭಾಗ ಕಡಿಮೆ ಆಮ್ಲಜನಕ. ನಾಜಲ್ ಮಾತ್ರ ಅಷ್ಟೇ ಡೀಸೆಲ್ ಸಿಂಪಡಿಸುತ್ತದೆ, ಅದಕ್ಕೆ ಎತ್ತರ ಗೊತ್ತಿಲ್ಲ. ಗಾಳಿ ಬಾಗಿಲನ್ನು ಸ್ವಲ್ಪ ಸ್ವಲ್ಪವೇ ತೆರೆಯುತ್ತಾ, ಪ್ರತಿ ಸಲ ಐದು ನಿಮಿಷ ಕಾದು, ಚಿಮಣಿಯ ತೂತಿನಿಂದ ಹೊಗೆಯನ್ನು ಬಿಳಿ ಕಾಗದದ ಮೇಲೆ ಎಳೆದು ನೋಡಿದೆ. ಮೊದಲ ಕಾಗದ ಇದ್ದಿಲು, ನಾಲ್ಕನೆಯದು ಬೂದು, ಆರನೆಯದರಲ್ಲಿ ಮಚ್ಚೆ ಕಂಡೂ ಕಾಣದ ಹಾಗೆ. ಹೊಗೆ ಅಳೆಯುವ ಅನಲೈಸರ್‌ನಲ್ಲಿ ಕಾರ್ಬನ್ ಡೈಆಕ್ಸೈಡ್ ನೂರಕ್ಕೆ 12, ಮೊನಾಕ್ಸೈಡ್ 30 ಪಿಪಿಎಂ (ಹತ್ತು ಲಕ್ಷಕ್ಕೆ 30 ಭಾಗ), ಚಿಮಣಿ ಬಿಸಿ 190 ಡಿಗ್ರಿ. ಅಲ್ಲಿಗೆ ಸ್ಕ್ರೂ ಬಿಗಿ ಮಾಡಿ ಬಣ್ಣದ ಗುರುತು ಹಾಕಿದೆ. ಕಣ್ಣಲ್ಲಿ ಜ್ವಾಲೆ ನೋಡಿ ಸೆಟ್ ಮಾಡುತ್ತೇನೆ ಅನ್ನುವವರಿದ್ದಾರೆ, ನಾನೂ ಮೊದಲು ಹಾಗೇ ಮಾಡುತ್ತಿದ್ದೆ, ತಪ್ಪು.

ಇದೆಲ್ಲ ನಡೆಯುವಾಗ ಹುಡುಗ ಓಡಿ ಬಂದ. "ಅಣ್ಣಾ, ಬಾಯ್ಲರ್ ಸೋರ್ತಿದೆ!" ನಿಜಕ್ಕೂ ಹಿಂದಿನ ಹೊಗೆ ಡಬ್ಬದಿಂದ ನೀರು ತೊಟ್ಟಿಕ್ಕುತ್ತಿತ್ತು, ನೆಲ ಒದ್ದೆ. ಯಜಮಾನರ ಮುಖ ಇಳಿದುಹೋಯಿತು. ನಾನು ಪ್ರೆಶರ್ ಗೇಜ್ ನೋಡಿದೆ, ಅದು ಇಳಿದಿರಲಿಲ್ಲ. ಸೋರಿದ್ದರೆ ಇಳಿಯಬೇಕಿತ್ತು. ಒಂದು ಲೀಟರ್ ಡೀಸೆಲ್ ಉರಿದರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಆವಿಯಾಗಿ ಹೊಗೆಯಲ್ಲಿ ಬರುತ್ತದೆ. ಒಳಗಿನ ನೀರು ಇನ್ನೂ 18-20 ಡಿಗ್ರಿ ಇದ್ದಾಗ ಬಾಯ್ಲರ್ ಗೋಡೆ ತಣ್ಣಗೆ, ಆವಿ ಅಲ್ಲೇ ಬೆವರಾಗಿ ಇಳಿಯುತ್ತದೆ, ತಣ್ಣನೆ ಚೊಂಬಿನ ಹೊರಗೆ ನೀರು ಕೂರುವ ಹಾಗೆ. ವಾಪಸ್ ಬರುವ ನೀರು 50 ಡಿಗ್ರಿ ದಾಟಿದ ಮೇಲೆ ತಾನಾಗಿ ನಿಂತಿತು. ದಿನಾ ಹಾಗೆ ಬೆವರಿದರೆ ಕಬ್ಬಿಣ ತಿಂದುಹೋಗುತ್ತದೆ, ಅದಕ್ಕೇ ವಾಪಸ್ ನೀರು ತಣ್ಣಗಿದ್ದಾಗ ಬಿಸಿನೀರು ಬೆರೆಸುವ ಮೂರು ದಾರಿಯ ವಾಲ್ವ್ ಇದೆ. ಅದರ ಕೆಲಸವನ್ನೂ ನೋಡಿಕೊಂಡೆ.

ಮೊದಲ ಬೆಂಕಿಯಲ್ಲಿ ಅವಸರ ಮಾಡಲಿಲ್ಲ. ಬಾಗಿಲ ಒಳಗಿನ ಬೆಂಕಿ ಗಾರೆ ಹಸಿ ಇರುತ್ತದೆ, ಒಮ್ಮೆಲೇ ಕಾಯಿಸಿದರೆ ಬಿರುಕು ಬಿಡುತ್ತದೆ. ಗಾಳಿ ಸೆಟ್ಟಿಂಗ್‌ಗೆ ಬೇಕಾದಷ್ಟು ಹೊತ್ತು ಬಿಟ್ಟರೆ ಉಳಿದ ಬೆಳಗೆಲ್ಲ ಪುಸ್ತಕದಲ್ಲಿ ಹೇಳಿದಂತೆ ಸ್ವಲ್ಪ ಉರಿಸಿ, ಜಾಸ್ತಿ ಹೊತ್ತು ಬಿಟ್ಟು, ಮತ್ತೆ ಉರಿಸಿದೆವು. ಬಣ್ಣ ಸುಟ್ಟ ವಾಸನೆ ಸಂಜೆವರೆಗೂ ಇತ್ತು. ಮಧ್ಯಾಹ್ನ ಅಕ್ಕಿ ರೊಟ್ಟಿ ತಿಂದು ಬಂದು, ಟ್ಯಾಂಕ್ ತಣ್ಣೀರಿನಿಂದ ಶುರುಮಾಡಿ ಪೂರ್ತಿ ಓಟ. 2000 ಲೀಟರ್ 18ರಿಂದ 60 ಡಿಗ್ರಿಗೆ ಬರಲು 1 ಗಂಟೆ 35 ನಿಮಿಷ. ಬಿಸಿಯಾದಾಗ ಪ್ರೆಶರ್ 2 ಕೆಜಿ, ಲೆಕ್ಕದಲ್ಲಿ ಬಂದಷ್ಟೇ. ಟ್ಯಾಂಕನ್ನು 60ಕ್ಕಿಂತ ಕೆಳಗೆ ಇಡುವುದಿಲ್ಲ, ಉಗುರು ಬೆಚ್ಚನೆ ನೀರಲ್ಲಿ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಆದರೆ 60 ಡಿಗ್ರಿ ನೀರು ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ, ಅದಕ್ಕೆ ರೂಮಿನ ಕಡೆ ಮಿಕ್ಸಿಂಗ್ ವಾಲ್ವ್.

ಕೊನೆಗೆ ಪೂರ್ತಿ ಉರಿಯುತ್ತಿರುವಾಗ ಮೇನ್ ಸ್ವಿಚ್ಚನ್ನೇ ಎಳೆದೆ. ಕರೆಂಟ್ ಹೋಗುವುದು ಇಲ್ಲಿ ಮಾಮೂಲು. ಬರ್ನರ್ ನಿಂತಿತು, ಪಂಪೂ ನಿಂತಿತು. ಒಳಗಿನ ಕಾವಿಗೆ ನೀರು 75ರಿಂದ 81ಕ್ಕೆ ಏರಿ ಅಲ್ಲಿಂದ ಇಳಿಯಿತು. ಸೇಫ್ಟಿ ವಾಲ್ವ್ ಅಲ್ಲಾಡಲಿಲ್ಲ. ಅದನ್ನು ನಾನೇ ಹಿಡಿ ಎತ್ತಿ ಒಮ್ಮೆ ಬಿಟ್ಟೆ, ಬುಸ್ ಅಂತ ಚರಂಡಿಗೆ ಹೋಗಿ ಸರಿಯಾಗಿ ಕೂತಿತು.

ಅಜ್ಜನಿಗೆ ಒಂದು ನೋಟ್ ಪುಸ್ತಕ ಕೊಟ್ಟು ಬಂದಿದ್ದೆ, ದಿನಕ್ಕೆ ಎರಡು ಸಲ ಪ್ರೆಶರ್, ಬಿಸಿ, ನೀರಿನ ಮೀಟರ್ ಬರೆಯಿರಿ ಅಂತ. ವಾರ ಬಿಟ್ಟು ಹೋದಾಗ ತೆಗೆದು ನೋಡಿದೆ. ಮೊದಲ ಎರಡು ದಿನ ಒಳಗಿದ್ದ ಗಾಳಿ ಹೊರಗೆ ಬಂದು 9 ಲೀಟರ್ ನೀರು ಸೇರಿಸಿದ್ದಾರೆ, ಆಮೇಲೆ ಮೀಟರ್ ಅಲ್ಲಾಡಿಲ್ಲ. ಕೊನೆಯ ಸಾಲು ಅವತ್ತಿನದ್ದೇ: "ಬೆಳಿಗ್ಗೆ 6. ಒಂದೂವರೆ ಕೆಜಿ. ಹೊಗೆ ಇಲ್ಲ. ಹಂಡೆಗೂ ಬೆಂಕಿ ಹಾಕಿದ್ದೇನೆ."